ನೀಲಿ ಉಂಗುರದ ಡ್ರಿಲ್

ಸತ್ತ ಹಲ್ಲಿಗೆ ಮರಗಟ್ಟಿಸುವ ಸೂಜಿ ಹಾಕಬಾರದು ಎನ್ನುವುದು ಡಾಕ್ಟರಮ್ಮನ ಹಟ. ಬೇರಿನೊಳಗಿನ ನರ ತೆಗೆದು ರೂಟ್ ಕೆನಾಲ್ ಮುಗಿಸಿದ ಮೇಲೆ ಆ ಹಲ್ಲಿಗೆ ನೋವು ಎಲ್ಲಿಂದ ಬರಬೇಕು? ಮೇಲ್ಭಾಗ ಮುರಿದುಹೋಗಿದ್ದರೆ ಬೇರಿನೊಳಗೆ ಸಣ್ಣ ದಾರಿ ಕೊರೆದು, ಫೈಬರ್ ಪೋಸ್ಟ್ ಎಂಬ ಬೆಂಕಿಕಡ್ಡಿಗಿಂತ ಸಪೂರದ ಕಂಬ ನೆಟ್ಟು, ಅದರ ಮೇಲೆ ಹೊಸ ಹಲ್ಲು ಕಟ್ಟಬೇಕು. ಕೊರೆಯುವಾಗ ಡ್ರಿಲ್ ದಾರಿ ತಪ್ಪಿ ಬೇರಿನ ಗೋಡೆ ತೂತಾದರೆ ಮಾತ್ರ ಹೊರಗಿನ ಜೀವಂತ ಮಾಂಸಕ್ಕೆ ತಾಗಿ ನೋವಾಗುತ್ತದೆ. ಸೂಜಿ ಹಾಕದಿದ್ದರೆ ರೋಗಿಯೇ ಕಾವಲುಗಾರ. "ಚುಳ್ ಅಂದ್ರೆ ಕೈ ಎತ್ತಿ, ನಿಲ್ಲಿಸ್ತೀನಿ," ಎಂದು ಆಕೆ ಎಲ್ಲರಿಗೂ ಹೇಳುತ್ತಿದ್ದಳು.

ಅತ್ತೆಮನೆಯ ಮುಂದಿನ ಕೋಣೆಯಲ್ಲಿ ಕ್ಲಿನಿಕ್ಕು ತೆರೆದ ದಿನ ಮೊದಲು ಕುರ್ಚಿ ಏರಿದವಳು ಸ್ವಂತ ಅಕ್ಕ. ಬಟ್ಟೆ ಹೊಲಿಯುವವಳು. ಇಪ್ಪತ್ತು ವರ್ಷ ಪಕ್ಕದಲ್ಲೇ ಕತ್ತರಿ ಇಟ್ಟುಕೊಂಡು, ದಾರವನ್ನು ಮಾತ್ರ ಹಲ್ಲಿನಲ್ಲಿ ಕಚ್ಚಿ ಹರಿದು, ಮೇಲಿನ ಎಡಗಡೆ ಕೋರೆಹಲ್ಲಿನ ಪಕ್ಕದ್ದನ್ನು ಹಾಳುಮಾಡಿಕೊಂಡ ಮಹಾತಾಯಿ.

ಈ ಡ್ರಿಲ್ಲುಗಳ ಕುತ್ತಿಗೆಗೆ ಬಣ್ಣದ ಉಂಗುರ ಇರುತ್ತದೆ. ಕೆಂಪು ಸಣ್ಣದು, ನೀಲಿ ದಪ್ಪ. ಯಾವ ಬಣ್ಣದ ಡ್ರಿಲ್ಲೋ ಅದೇ ಬಣ್ಣದ ಪೋಸ್ಟು. ಅಕ್ಕನ ಬೇರು ತೆಳು, ಕೆಂಪು ಧಾರಾಳವಾಗಿ ಸಾಕಿತ್ತು. ಆದರೆ ಅಕ್ಕನಿಗಲ್ಲವೇ, ಗಟ್ಟಿಯಾಗಿ ಕೂತು ಜೀವಮಾನ ಬರಲಿ ಎಂದು ತಂಗಿ ನೀಲಿ ಎತ್ತಿಕೊಂಡಳು. ಪ್ರೀತಿ ಉಕ್ಕಿದ ಕಡೆ ಬುದ್ಧಿ ಕಾಲಿಗೆ ಸಿಕ್ಕಿ ಒದ್ದಾಡುವುದು ಇದ್ದದ್ದೇ. ತೇವ ಒರೆಸಲು ಒಳಗಿಟ್ಟು ತೆಗೆದ ಕಾಗದದ ಕಡ್ಡಿಯ ಪಕ್ಕೆಯಲ್ಲಿ ರಕ್ತದ ಚುಕ್ಕೆಯಿತ್ತು. ಬೇರು ತೂತಾಗಿತ್ತು.

ಅಕ್ಕ ಕೈ ಎತ್ತಿರಲಿಲ್ಲ, ಮಿಸುಕಿರಲೂ ಇಲ್ಲ. ನೋವಾಗಿಲ್ಲವೆಂದರೆ ಅಂಥದ್ದೇನೂ ಆಗಿಲ್ಲ ಎಂದು ಡಾಕ್ಟರಮ್ಮ ತನಗೆ ತಾನೇ ಹೇಳಿಕೊಂಡು, ಸಿಮೆಂಟು ತುಂಬಿ, ಪೋಸ್ಟು ನೆಟ್ಟು, ದೀಪ ಹಿಡಿದು ಗಟ್ಟಿಮಾಡಿಬಿಟ್ಟಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ.

ಎಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ ಅಕ್ಕನ ಫೋನು ಬಂತು.

"ಪುಟ್ಟೀ, ಸತ್ತ ಹಲ್ಲು ನೋಯುತ್ತೇನೇ?"

"ಯಾವಾಗ?"

"ಈಗ್ಲೇ. ಹನ್ನೊಂದೂ ಹತ್ತಕ್ಕೆ ಶುರುವಾಯ್ತು, ಒಳಗೆ ಏನೋ ತಿರುಗಿದ ಹಾಗೆ. ಎರಡು ನಿಮಿಷ ಇದ್ದು ನಿಂತೋಯ್ತು."

ಹನ್ನೊಂದು ಹತ್ತಕ್ಕೆ ಡಾಕ್ಟರಮ್ಮ, ಅಕ್ಕನ ಹಲ್ಲಾದ ಮೇಲೆ ಮೊದಲ ಸಲ, ಒಬ್ಬ ಮೇಷ್ಟ್ರ ದವಡೆಹಲ್ಲಿಗೆ ನೀಲಿ ಡ್ರಿಲ್ ಇಳಿಸಿದ್ದಳು. ಸರಿಯಾಗಿ ಎರಡು ನಿಮಿಷ. ಏನೋ ಕಾಕತಾಳೀಯ ಎಂದುಕೊಂಡಳು. ಗುರುವಾರ ಮತ್ತೆ ಫೋನು, ನಾಲ್ಕೂ ಮೂವತ್ತೈದು. ಆಗ ಕುರ್ಚಿಯಲ್ಲಿದ್ದವಳು ಅಂಚೆ ಕಚೇರಿಯ ಗುಮಾಸ್ತೆ, ಡ್ರಿಲ್ ಅದೇ. ಕೆಂಪು ಬಳಸಿದ ದಿನ ಫೋನಿಲ್ಲ. ಹಳೆಯ ನೀಲಿಯನ್ನು ಎಸೆದು ಹೊಸ ಪೊಟ್ಟಣ ಒಡೆದಳು. ಅವತ್ತೂ ಫೋನು ಬಂತು.

ಮರುದಿನ ಮಧ್ಯಾಹ್ನ ಕ್ಲಿನಿಕ್ಕು ಖಾಲಿಯಾದಾಗ ಬಾಗಿಲಿಗೆ ಚಿಲಕ ಹಾಕಿ, ನೀಲಿ ಡ್ರಿಲ್ಲನ್ನು ಸುಮ್ಮನೆ ಗಾಳಿಯಲ್ಲಿ ತಿರುಗಿಸಿದಳು. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಕೋಣೆಯಲ್ಲಿ ಅದರ ಸದ್ದೊಂದೇ. ನಿಲ್ಲಿಸಿದ ಮೇಲೂ ಏನೂ ಆಗಲಿಲ್ಲ. ಉಸಿರು ಬಿಟ್ಟು ಊಟಕ್ಕೆ ಏಳುವಾಗ ಫೋನು ಹೊಡೆದುಕೊಂಡಿತು.

"ಹೊಲಿಗೆ ಮೆಷಿನ್ ಸೂಜಿ ಬೆರಳಿಗೆ ಹೊಕ್ಕಿತು ಕಣೇ," ಎಂದಳು ಅಕ್ಕ. "ಆ ಹಲ್ಲು ಒಮ್ಮೆಗೇ ಎಳೀತು, ಕೈ ಜಾರ್ತು. ಹಿಂಗಾದ್ರೆ ನಾನು ಕೆಲಸ ಮಾಡೋದು ಹೆಂಗೆ?"

ಅಕ್ಕನ ಕೈಬೆರಳುಗಳೇ ಅವಳ ಬದುಕು. ಇನ್ನು ಮುಚ್ಚಿಟ್ಟರೆ ತಾನು ಮನುಷ್ಯಳೇ ಅಲ್ಲ ಎನ್ನಿಸಿ ಡಾಕ್ಟರಮ್ಮನಿಗೆ ಅಳು ಬಂತು. ಸಂಜೆ ಬೆರಳಿಗೆ ಪಟ್ಟಿ ಸುತ್ತಿಕೊಂಡು ಬಂದ ಅಕ್ಕನನ್ನು ಕೂರಿಸಿ ಹೇಳಿದಳು.

"ಅಕ್ಕ, ಅವತ್ತು ದಪ್ಪ ಡ್ರಿಲ್ ಹಾಕಿ ಬೇರು ತೂತು ಮಾಡ್ದೆ. ಗೊತ್ತಿದ್ದೂ ಮುಚ್ಚಿಟ್ಟೆ."

"ಗೊತ್ತು ಬಿಡು."

"ಏನು ಗೊತ್ತು?"

"ಪ್ರಾಣ ಹೋಗೋ ಹಾಗೆ ನೋಯ್ತಲ್ಲೇ, ಗೊತ್ತಾಗಲ್ವಾ? ಹಲ್ಲು ಕಚ್ಚಿಕೊಂಡು ಸಹಿಸೋಣ ಅಂದ್ರೆ ಹಲ್ಲು ನಿನ್ನ ಕೈಲಿತ್ತು."

"ಕೈ ಯಾಕೆ ಎತ್ಲಿಲ್ಲ?"

"ನಿಮ್ಮತ್ತೆ ಬಾಗಿಲಲ್ಲೇ ಕೂತಿದ್ರಲ್ಲ. ಇವಳ ಕೈಲಿ ಏನಾಗುತ್ತೆ ಅಂತ ನೋಡೋಕೇ ಕೂತಿದ್ರು. ಮೊದಲನೇ ದಿನವೇ ನಾನು ಕೈ ಎತ್ತಿದ್ರೆ ನಿನ್ನ ಗತಿ?"

ಡಾಕ್ಟರಮ್ಮ ಅಕ್ಕನನ್ನು ಕುರ್ಚಿಗೆ ಏರಿಸಿದಳು. ಎಕ್ಸ್‌ರೇಯಲ್ಲಿ ನೋಡಿದರೆ ಬೇರು ಉದ್ದಕ್ಕೆ ಸೀಳಿತ್ತು, ಉಳಿಸುವ ಹಾಗಿರಲಿಲ್ಲ. ಈ ಸಲ ಸೂಜಿ ಹಾಕಿ, ನೋವಾಗುತ್ತಾ ಎಂದು ಎರಡೆರಡು ಬಾರಿ ಕೇಳಿ, ಹಲ್ಲು ಕಿತ್ತಳು. ಅಕ್ಕ ಬಾಯಲ್ಲಿ ಹತ್ತಿ ಕಚ್ಚಿಕೊಂಡು, ತಂಗಿಯ ತಲೆ ಸವರಿ, ಹಗುರಾಗಿ ಮನೆಗೆ ಹೋದಳು.

ಒಂದು ವಾರ ನೀಲಿಯ ಅಗತ್ಯವೇ ಬೀಳಲಿಲ್ಲ. ಎಂಟನೆಯ ದಿನ ಒಬ್ಬ ಬಸ್ ಡ್ರೈವರು ಬಂದ. ದಪ್ಪ ಬೇರು, ನೀಲಿಯೇ ಬೇಕು. ಡ್ರಿಲ್ ಅರ್ಧ ಇಳಿದಿತ್ತು, ಡ್ರೈವರು ತೂಕಡಿಸುತ್ತಿದ್ದ. ಆಗ ಡಾಕ್ಟರಮ್ಮನ ಮೇಲಿನ ಎಡಗಡೆ, ಕೋರೆಹಲ್ಲಿನ ಪಕ್ಕ, ಒಳಗೆ ಏನೋ ತಿರುಗಿತು. ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಒಂದೂ ಹುಳುಕು ಹಲ್ಲಿರಲಿಲ್ಲ. ಕೈ ನಿಲ್ಲಿಸಿದಳು, ನೋವು ನಿಂತಿತು. ಮತ್ತೆ ತಿರುಗಿಸಿದಳು, ಕಣ್ಣಲ್ಲಿ ನೀರು ಬಂತು.

ಒಂದು ನಿಮಿಷ ಎಂದು ಪಕ್ಕದ ಕೋಣೆಗೆ ಹೋಗಿ ಗೋಡೆಗೆ ಒರಗಿದಳು. ಮೇಜಿನ ಮೇಲಿದ್ದ ಫೋನು ಹೊಡೆದುಕೊಂಡಿತು.

"ಪುಟ್ಟೀ, ನನಗೇನೂ ಇಲ್ಲ, ಆರಾಮಾಗಿದೀನಿ," ಎಂದಳು ಅಕ್ಕ. "ನಿನಗೆ ಏನಾದ್ರೂ ಆಗ್ತಿದೆಯಾ?"

"ಯಾಕೆ ಕೇಳ್ತೀಯಾ?"

"ಸುಮ್ನೆ. ಹಲ್ಲೇನೋ ಹೋಯ್ತು. ನೋವು ಎಲ್ಲಿಗೆ ಹೋಯ್ತು ಅಂತ ಒಂದೇ ಯೋಚನೆ."

ಡಾಕ್ಟರಮ್ಮ ಎಡಗೆನ್ನೆಯನ್ನು ಅಂಗೈಯಿಂದ ಒತ್ತಿ ಹಿಡಿದಳು. "ನನಗೇನಾಗುತ್ತೆ ಅಕ್ಕ, ಚೆನ್ನಾಗೇ ಇದೀನಿ."

"ಸರಿ ಹೋಗು, ಯಾರೋ ಪಾಪ ಬಾಯಿ ತೆಗೆದುಕೊಂಡು ಕಾಯ್ತಿರ್ತಾರೆ," ಎಂದಳು ಅಕ್ಕ.

ಡಾಕ್ಟರಮ್ಮ ಮುಖ ತೊಳೆದು ಒಳಗೆ ಬಂದು ಡ್ರಿಲ್ ಎತ್ತಿಕೊಂಡಳು. ಇನ್ನೂ ಎರಡು ಮಿಲಿಮೀಟರ್ ಕೊರೆಯುವುದು ಬಾಕಿಯಿತ್ತು.