ಕಂಚಿನ ಕಿವಿ ಯಾರಿಗೆ

ಈ ಕಥೆಯನ್ನು ಮೊದಲು ಹೇಳಿದವರು ಲೊರೇನ್ ಪಿಕೆಟ್. ಹೇಳಿದ್ದು 1991ರ ಜೂನ್ ತಿಂಗಳಲ್ಲಿ, ಸಿನಿಮಾ ಸ್ಟುಡಿಯೋಗಳ ಊರಾದ ಬರ್‌ಬ್ಯಾಂಕಿನ ಶಬ್ದಕರ್ಮಿಗಳ ಸಂಘದ ಹಿತ್ತಲಿನಲ್ಲಿ, ನಿವೃತ್ತ ಸದಸ್ಯರ ಮಧ್ಯಾಹ್ನದ ಊಟ ಮುಗಿದ ಮೇಲೆ. ಇದೇ ಕಥೆಯನ್ನು ಆಮೇಲೆ ಇನ್ನಿಬ್ಬರು ಹೇಳಿದ್ದುಂಟು; ಒಬ್ಬರ ಪ್ರಕಾರ ಕಥೆಯಲ್ಲಿ ಬರುವ ಕೇಕು ನಿಂಬೆಯದು, ಇನ್ನೊಬ್ಬರ ಪ್ರಕಾರ ಚಾಕೊಲೇಟಿನದು. ಆ ಕೇಕು ತಂದವರು ಲೊರೇನ್ ಅವರೇ ಆದ್ದರಿಂದ ಇಲ್ಲಿ ಅವರ ಪಾಠವನ್ನೇ ಹಿಡಿದಿದೆ. ಕೇಕು ತೆಂಗಿನಕಾಯಿಯದು.

ಚಲನಚಿತ್ರಗಳಿಗೆ ಸದ್ದು ಕೂಡಿಸುವವರ ಆ ಸಂಘವು ಪ್ರತಿ ಮಾರ್ಚಿನಲ್ಲಿ ಹೋಟೆಲೊಂದರ ಸಭಾಂಗಣದಲ್ಲಿ ಪ್ರಶಸ್ತಿ ಸಮಾರಂಭ ನಡೆಸುತ್ತಿತ್ತು. ಗೆದ್ದವರಿಗೆ ಕೊಡುತ್ತಿದ್ದದ್ದು ಕಂಚಿನದೊಂದು ಕಿವಿ. ನೋಡಲು ಅದು ಅಷ್ಟೇನೂ ಚೆಂದವಿರಲಿಲ್ಲ. ಮೇಜಿನ ಮೇಲಿಟ್ಟರೆ ಯಾರೋ ಮರೆತು ಬಿಟ್ಟುಹೋದಂತೆ ಕಾಣುತ್ತಿತ್ತು. ಆದರೂ ಅದಕ್ಕೆ ಆಸೆಪಡದ ಶಬ್ದಕರ್ಮಿ ಆ ಊರಿನಲ್ಲಿ ಇರಲಿಲ್ಲ. ಮತ ಹಾಕುವವರೆಲ್ಲ ಸಂಘದ ಸದಸ್ಯರೇ. ಮತಪತ್ರ ಕಳಿಸುವ ಗಡುವು ಮುಗಿದ ಮೇಲಿನ ಭಾನುವಾರ ಸಂಘದಲ್ಲಿ ಪ್ಯಾನ್‌ಕೇಕಿನ ಉಪಾಹಾರವಿರುತ್ತಿತ್ತು. ಎರಡನೆಯ ಸುತ್ತಿನ ಕಾಫಿ ಬರುವ ಹೊತ್ತಿಗೆ ಸದಸ್ಯನೊಬ್ಬನ ಹೆಂಡತಿ ಇಮೊಜೀನ್ ಟಕೆಟ್ ಎದ್ದು ನಿಂತು, ಯಾವ ವಿಭಾಗದ ಕಿವಿ ಯಾರ ಮನೆಗೆ ಹೋಗುತ್ತದೆಂದು ಹೇಳಿ, ಮತ್ತೆ ಕೂತು ತಿನ್ನತೊಡಗುವುದು ವಾಡಿಕೆ.

ಅವಳ ಮಾತು ಎಂದೂ ತಪ್ಪಿರಲಿಲ್ಲ. ಅವಳು ಹೆಸರಿಸದವರು ಆ ವರ್ಷ ಹೊಸ ಟೈ ಕೊಳ್ಳುತ್ತಿರಲಿಲ್ಲ; ಸಮಾರಂಭದ ದಿನ ಬಾಗಿಲ ಹತ್ತಿರದ ಮೇಜುಗಳನ್ನು ತಾವಾಗಿಯೇ ಕೇಳಿ ಪಡೆಯುತ್ತಿದ್ದರು. ಚಿತ್ರ ನೋಡಿ ಭವಿಷ್ಯ ಹೇಳುವವರನ್ನು ಇಮೊಜೀನ್ ಮೋಡ ನೋಡಲು ಬಾವಿಗೆ ಇಳಿದವರಂತೆ ಕಾಣುತ್ತಿದ್ದಳು. ಅವಳು ಕಿವಿಗೊಡುತ್ತಿದ್ದದ್ದು ಮಾಂಸದಂಗಡಿಯ ಸಾಲಿನಲ್ಲಿ, ಲಾಂಡ್ರಿಯಲ್ಲಿ, ಚರ್ಚಿನ ಹೊರಗಿನ ಮಾತಿಗೆ. ಜನ ಮತ ಹಾಕುವುದು ಮೆಚ್ಚಿಕೊಂಡವರಿಗಲ್ಲ, ಅಯ್ಯೋ ಪಾಪ ಅನ್ನಿಸಿದವರಿಗೆ ಎಂಬುದನ್ನು ಅವಳು ಬಲು ಹಿಂದೆಯೇ ಕಂಡುಕೊಂಡಿದ್ದಳು. ಇವನು ಗೆದ್ದೇ ಗೆಲ್ಲುತ್ತಾನೆಂದು ಊರೆಲ್ಲ ನಂಬಿದರೆ ಅವನಿಗೆ ಮತ ಹಾಕುವವರು ಯಾರೂ ಉಳಿಯುವುದಿಲ್ಲ. ಆದ್ದರಿಂದಲೇ ಗಡುವಿಗೆ ಮೊದಲು ಬಾಯಿ ಬಿಡುವುದಿಲ್ಲವೆಂದು ಅವಳು ನೇಮ ಮಾಡಿಕೊಂಡಿದ್ದಳು. ಮತದಾರನ ಕಿವಿಗೆ ಬಿದ್ದ ಭವಿಷ್ಯ ಭವಿಷ್ಯವಾಗಿ ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಅವಳ ಗಂಡ ಆರ್ಲೊ ಹೆಜ್ಜೆ ಸದ್ದಿನವನು. ನಟರು ತೆರೆಯ ಮೇಲೆ ನಡೆದಾಡಿದ್ದನ್ನು ನೋಡುತ್ತ, ಕತ್ತಲೆ ಕೋಣೆಯಲ್ಲಿ ಮೈಕಿನ ಮುಂದೆ ಅವರ ಬದಲಿಗೆ ತಾನು ನಡೆಯುವುದು ಅವನ ಕಸುಬು. ಎಲುಬು ಮುರಿಯಬೇಕಾದರೆ ಸೆಲರಿ ದಂಟು ಮುರಿಯುತ್ತಿದ್ದ. ಹಿಮದಲ್ಲಿ ನಡೆಯಬೇಕಾದರೆ ಚರ್ಮದ ಚೀಲದಲ್ಲಿ ಕಾರ್ನ್‌ಫ್ಲೋರ್ ತುಂಬಿ ಹಿಸುಕುತ್ತಿದ್ದ. ಭಾರೀ ಆಳು. ಆದರೂ ಆ ಕಾಲದ ಅರ್ಧಕ್ಕರ್ಧ ನಾಯಕಿಯರು ಮೆಟ್ಟಿಲಿಳಿದು ಬಂದದ್ದು ಆರ್ಲೊನ ಹೈಹೀಲ್ಡ್ ಚಪ್ಪಲಿಯಲ್ಲಿ. ಜೀವಮಾನವೆಲ್ಲ ಹೀಗೆ ನಡೆದವನ ಹೆಸರು, ಕೆಲಸದಿಂದ ನಿವೃತ್ತನಾಗಬೇಕಿದ್ದ ವರ್ಷ, ಮೊದಲ ಸಲ ಕಂಚಿನ ಕಿವಿಯ ಸ್ಪರ್ಧೆಗೆ ಬಂತು. ಚಿತ್ರದಲ್ಲಿ ವಿಧವೆಯೊಬ್ಬಳು ಹಿಮದ ಮೇಲೆ ತವರಿಗೆ ನಡೆದು ಹೋಗುತ್ತಾಳೆ, ಮಾತು ಹೆಚ್ಚಿಲ್ಲ. ಇದ್ದದ್ದೆಲ್ಲ ಆರ್ಲೊನ ಕಾರ್ನ್‌ಫ್ಲೋರ್.

ಹೆಸರು ಬಂದವರು ಕನ್ನಡಿಯ ಮುಂದೆ ಭಾಷಣ ಅಭ್ಯಾಸ ಮಾಡುವುದುಂಟು. ಆರ್ಲೊ ಅಭ್ಯಾಸ ಮಾಡಿದ್ದು ನಡೆಯುವುದನ್ನು. ಹೋಟೆಲಿನ ವೇದಿಕೆ ಹಲಗೆಯದೆಂದು ವಿಚಾರಿಸಿಕೊಂಡು ಬಂದು, ಗ್ಯಾರೇಜಿನಲ್ಲಿ ಹಲಗೆ ಹಾಸಿ, ಒಂದಾದ ಮೇಲೊಂದು ಜೋಡು ಹಾಕಿಕೊಂಡು, ಯಾವುದರಲ್ಲಿ ಹತ್ತಿದರೆ ವಿನಯವಂತನ ಹೆಜ್ಜೆ ಕೇಳಿಸುತ್ತದೆಂದು ಹೆಂಡತಿಯನ್ನು ಕೇಳುತ್ತಿದ್ದ. ಕಂದು ಬಣ್ಣದ್ದು ಎಂದು ಅವಳು ಹೇಳಿದಳು.

ಅದೇ ವಾರ ಮಾಂಸದಂಗಡಿಯ ಸಾಲಿನಲ್ಲಿ ಸಂಘದ ಕಾರ್ಯದರ್ಶಿ ವೆಂಡೆಲ್ ಅವಳ ಮುಂದೆ ನಿಂತಿದ್ದ. ಹಿಂದೆ ಇಮೊಜೀನ್ ಇರುವುದನ್ನು ನೋಡದೆ ಅವನು ಅಂಗಡಿಯವನೊಡನೆ ಹೇಳುತ್ತಿದ್ದ.

"ಆರ್ಲೊಗೆ ನನ್ನ ವೋಟ್ ಯಾಕಪ್ಪಾ ಬೇಕು? ಅವನಿಗೆ ಬಂದೇ ಬಂತು. ನಾನಂತೂ ಹೊರೇಸ್ ಪೆಲ್‌ಗೆ ಹಾಕ್ತೀನಿ. ಪಾಪ, ಮಂಡಿ ಕುಯ್ಸಿಕೊಂಡು ಮನೇಲಿ ಕೂತಿದಾನೆ."

ಹೊರೇಸ್ ಪೆಲ್ ಕೂಡ ಹೆಜ್ಜೆ ಸದ್ದಿನವನೇ, ಆ ವರ್ಷದ ಸ್ಪರ್ಧಿ. ಲಾಂಡ್ರಿಯಲ್ಲಿಯೂ ಅವನ ಮಂಡಿಯ ಮಾತೇ. ಚರ್ಚಿನ ಹೊರಗೆ ಮೂವರು ಒಬ್ಬರಿಗೊಬ್ಬರು ತಿಳಿಯದಂತೆ ಅದನ್ನೇ ಹೇಳಿದರು: ಆರ್ಲೊನದು ಖಚಿತ, ತಮ್ಮ ಮತ ಹೊರೇಸ್‌ಗೆ. ಇಮೊಜೀನ್ ಮನೆಗೆ ಬಂದು ಆಲೂಗೆಡ್ಡೆ ಸುಲಿಯುತ್ತ ಕೂತಳು. ಇನ್ನು ಗಂಡ ಗೆಲ್ಲುವಂತಿರಲಿಲ್ಲ. ಮತಪತ್ರಗಳು ಮಾತ್ರ ಇನ್ನೂ ಅಂಚೆಗೆ ಬಿದ್ದಿರಲಿಲ್ಲ.

ಶನಿವಾರ ಮಧ್ಯಾಹ್ನ ಸಂಘದವರು ಆರ್ಲೊನ ಗೌರವಕ್ಕೆ ಟಕೆಟ್‌ರ ಮನೆಯಲ್ಲಿಯೇ ಸೇರಿದರು. ಲೊರೇನ್ ಕೇಕು ತಂದರು. ಅದರ ಮೇಲೆ ಸಕ್ಕರೆಯಲ್ಲಿ ಎರಡು ಪಾದಗಳನ್ನು ಬರೆದಿತ್ತು. ಹೊರೇಸ್ ಊರುಗೋಲು ಒರಗಿಸಿ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ. ಆರ್ಲೊ ಚಾಕು ಹಿಡಿದು ನಿಂತಾಗ ವೆಂಡೆಲ್ ಗ್ಲಾಸು ಎತ್ತಿದ.

"ಇಮೊಜೀನಮ್ಮಾ, ಗಡುವು ಗಿಡುವು ಎಲ್ಲಾ ಈ ಸಲ ಬದಿಗಿಡು. ನಿನ್ನ ಗಂಡಂದೇ ವಿಷಯ ತಾನೆ? ಹೇಳ್ಬಿಡು, ಎಲ್ರೂ ಕುಡಿಯೋಣ."

"ಹೊರೇಸ್‌ಗೆ ಬರುತ್ತೆ," ಅಂದಳು ಇಮೊಜೀನ್.

ಎತ್ತಿದ ಗ್ಲಾಸನ್ನು ಇಳಿಸುವುದೋ ಕುಡಿಯುವುದೋ ತಿಳಿಯದೆ ವೆಂಡೆಲ್ ಅದನ್ನು ಹಾಗೆಯೇ ಹಿಡಿದುಕೊಂಡ.

"ತಮಾಷೆ ಮಾಡ್ತಿದೀಯ."

"ನಾನು ಯಾವತ್ತಾದ್ರೂ ತಮಾಷೆ ಮಾಡಿದ್ದು ನೋಡಿದೀಯಾ?"

ವೆಂಡೆಲ್ ಯೋಚಿಸಿ ನೋಡಿ, ಇಲ್ಲವೆಂದು ಒಪ್ಪಿಕೊಂಡ. ಹೊರೇಸ್ ಅಭಿನಂದನೆಗಾಗಿ ಸುತ್ತ ಒಮ್ಮೆ ನೋಡಿದ. ಯಾರೂ ಮುಂದೆ ಬರದಿದ್ದರಿಂದ ತನ್ನ ಪಾಲಿನ ಕೇಕು ಕೇಳಿದ. ಆರ್ಲೊ ಬಲಗಾಲಿನ ಪಾದವನ್ನು ಅವನಿಗೆ ಕತ್ತರಿಸಿ ಕೊಟ್ಟ.

ಬಂದವರು ಬೇಗನೆ ಹೊರಟರು. ತಟ್ಟೆ ತೊಳೆಯುತ್ತಿದ್ದ ಹೆಂಡತಿಯ ಬೆನ್ನಿಗೆ ಆರ್ಲೊ ಕೇಳಿದ: "ಎಲ್ರ ಮುಂದೆ ಹೇಳ್ಬೇಕಿತ್ತಾ?"

"ಕೇಳಿದ್ರಲ್ಲ."

"ಪ್ರತಿ ವರ್ಷ ಕೇಳ್ತಾರೆ. ಪ್ರತಿ ವರ್ಷ ಗಡುವು ಮುಗೀಲಿ ಅಂತೀಯ."

ಇದಕ್ಕೆ ಅವಳಲ್ಲಿ ಉತ್ತರವಿತ್ತು. ಕೊಟ್ಟರೆ, ಮುಂದೆ ಕಿವಿ ಮನೆಗೆ ಬಂದರೂ ಅದು ಅವನ ಕಾಲಿಗೆ ಸಿಕ್ಕಿದ್ದಾಗಿರದೆ ಹೆಂಡತಿ ಹೊಂಚಿ ತಂದುಕೊಟ್ಟದ್ದಾಗುತ್ತಿತ್ತು. ಅವಳು ತಟ್ಟೆ ಒರೆಸಿದಳು.

ಆರ್ಲೊ ಜಗಳದ ಮನುಷ್ಯನಲ್ಲ. ಮಾರನೆಯ ದಿನದಿಂದ ಅವನು ಮನೆಯಲ್ಲಿ ಬೇರೆ ಬೇರೆಯವರ ಹೆಜ್ಜೆ ಸದ್ದಿನಲ್ಲಿ ನಡೆಯತೊಡಗಿದ. ಬೆಳಿಗ್ಗೆ ಮನೆ ಅಳೆಯಲು ಬಂದ ಅಧಿಕಾರಿಯೊಬ್ಬ ಅಡುಗೆಮನೆಯಲ್ಲಿ ಓಡಾಡಿದ. ಸಂಜೆ ಬಾಡಿಗೆಗಿದ್ದ ಅಪರಿಚಿತನೊಬ್ಬ ಯಾರಿಗೂ ತೊಂದರೆಯಾಗದಂತೆ ಮೆಟ್ಟಿಲು ಹತ್ತಿಹೋದ. ಒಂದು ದಿನ ಊಟದ ಹೊತ್ತಿಗೆ ಪಾದ್ರಿಯೊಬ್ಬರು ಬಂದು ಹೋದರು. ಮದುವೆಯಾದಂದಿನಿಂದ ಕೇಳುತ್ತ ಬಂದ ಗಂಡನ ಹೆಜ್ಜೆ ಮಾತ್ರ ಅವಳಿಗೆ ಕೇಳಿಸಲಿಲ್ಲ.

ಇತ್ತ ಬಾಗಿಲಿಗೆ ಪಾತ್ರೆಗಳು ಬರತೊಡಗಿದವು. ಮನೆಯಲ್ಲಿ ಸಾವಾದರೆ ನೆರೆಯವರು ಅಡುಗೆ ಮಾಡಿ ತಂದುಕೊಡುವುದು ಅಲ್ಲಿಯ ಪದ್ಧತಿ: ಟ್ಯೂನಾ ಮೀನು, ನೂಡಲ್ಸು, ಮೇಲೆ ಚೀಸು, ಎಲ್ಲವನ್ನೂ ಒಂದೇ ಬೋಗುಣಿಯಲ್ಲಿ ಓವನ್ನಿಗಿಟ್ಟು ಬೇಯಿಸಿದ್ದು. ಸತ್ತವರಿಲ್ಲದ ಮನೆಗೆ ಅದನ್ನು ಸಂಘದವರು ಒಬ್ಬೊಬ್ಬರಾಗಿ ತಂದರು, ಆರ್ಲೊನ ಭುಜ ಮುಟ್ಟಿದರು, ಇಮೊಜೀನ್‌ಳನ್ನು ಮಾತಾಡಿಸಲಿಲ್ಲ. ವೆಂಡೆಲ್ ತನ್ನ ಬೋಗುಣಿಯನ್ನು ಅವಳ ಕೈಗೆ ಕೊಡದೆ ಬದಿಯ ಕಲ್ಲುಕಟ್ಟೆಯ ಮೇಲಿಟ್ಟು, ಕಟ್ಟಿಕೊಂಡ ಹೆಂಡತಿಯೇ ಹೀಗೆಂದರೆ ಆ ಮನುಷ್ಯನಿಗೆ ಇನ್ನಾರಿದ್ದಾರೆಂದು ಲೊರೇನ್‌ರ ಹತ್ತಿರ ಹೇಳಿ ಹೋದನಂತೆ. ಫ್ರಿಜ್ಜಿನಲ್ಲಿ ಜಾಗವಿಲ್ಲದಾಯಿತು. ಇಮೊಜೀನ್ ಒಂದೊಂದು ಬೋಗುಣಿಯನ್ನೂ ಒಂದು ಮತವೆಂದು ಒಳಗಿಟ್ಟುಕೊಂಡಳು. ಇಬ್ಬರೂ ದಿನವೂ ಟ್ಯೂನಾ ತಿಂದರು.

ಗಡುವು ಮುಗಿಯಿತು. ಪ್ಯಾನ್‌ಕೇಕಿನ ಭಾನುವಾರ ಎರಡನೆಯ ಸುತ್ತಿನ ಕಾಫಿ ಬಂತು. ಇಮೊಜೀನ್ ಎದ್ದು ನಿಂತಳು. ಮತಗಳು ಯಾವ ಕಡೆ ಬಿದ್ದಿವೆಯೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗಂಡನ ಹೆಸರು ಹೇಳಿದರೆ ಅವಳ ಮಾತು ಆ ವರ್ಷವೂ ಉಳಿಯುತ್ತಿತ್ತು. ಆದರೆ ಎರಡೇ ವಾರದಲ್ಲಿ ಹೆಸರು ಬದಲಾದದ್ದೇಕೆಂದು ಕೂತವರಲ್ಲಿ ಯಾರಾದರೂ ಯೋಚಿಸಿಯೇ ಯೋಚಿಸುತ್ತಿದ್ದರು, ಎಲ್ಲರಿಗಿಂತ ಮೊದಲು ಆರ್ಲೊ. ಅವನು ಫೋರ್ಕು ಕೆಳಗಿಟ್ಟು ಅವಳ ಮುಖವನ್ನೇ ನೋಡುತ್ತಿದ್ದ.

ಅವಳು ಒಂದೊಂದೇ ವಿಭಾಗ ಹೇಳುತ್ತ ಬಂದಳು. ಹೆಜ್ಜೆ ಸದ್ದಿನ ಸರದಿ ಬಂದಾಗ "ಹೊರೇಸ್ ಪೆಲ್," ಅಂದಳು.

ಆರ್ಲೊ ಎದ್ದು ಕೋಟು ಹಾಕಿಕೊಂಡು ಮನೆಗೆ ನಡೆದ. ಅವನ ತಟ್ಟೆಯ ಪ್ಯಾನ್‌ಕೇಕನ್ನು ಅವಳು ತನ್ನ ತಟ್ಟೆಗೆ ಹಾಕಿಕೊಂಡು, ಜೇನಿನಂಥ ಮೇಪಲ್ ಪಾಕ ಸುರಿದುಕೊಂಡು, ಪೂರ್ತಿ ತಿಂದಳು. ಆ ಮೇಜಿನಲ್ಲಿ ಬೇರೆ ಯಾರೂ ಕೂತಿರಲಿಲ್ಲ.

ಸಮಾರಂಭದ ಸಂಜೆ ಅವರಿಬ್ಬರಿಗೂ ಬಾಗಿಲ ಹತ್ತಿರದ ಮೇಜು. ಲಕೋಟೆ ಒಡೆದು ಆರ್ಲೊ ಟಕೆಟ್‌ನ ಹೆಸರು ಓದಿದಾಗ ಸಭಾಂಗಣದಲ್ಲಿದ್ದವರೆಲ್ಲ, ಇದು ತನ್ನೊಬ್ಬನ ಮತದಿಂದಲೇ ಆದದ್ದೆಂದು ಒಬ್ಬೊಬ್ಬರೂ ನಂಬಿದವರಂತೆ, ಎದ್ದು ನಿಂತರು. ಕಂದು ಜೋಡು ವೇದಿಕೆ ಹತ್ತಿದ್ದು ಯಾರಿಗೂ ಕೇಳಿಸಲಿಲ್ಲ. ಆ ವರ್ಷ ಹಲಗೆಯ ಮೇಲೆ ಕಾರ್ಪೆಟ್ ಹಾಸಿದ್ದರು. ಆರ್ಲೊ ಕಿವಿಯನ್ನು ಎತ್ತಿ ಹಿಡಿದು, ಸಂಘಕ್ಕೆ, ವೈದ್ಯರಿಗೆ, ಕಾರ್ನ್‌ಫ್ಲೋರ್ ಮಾರುವ ಅಂಗಡಿಗೆ ವಂದಿಸಿದ. ಆಮೇಲೆ ಅಂದ:

"ನನ್ನ ಹೆಂಡತಿ ಅಲ್ಲಿ ಬಾಗಿಲ ಹತ್ರ ಕೂತಿದಾಳೆ. ಅವಳ ಮಾತು ಯಾವತ್ತೂ ತಪ್ಪಲ್ಲ. ಒಂಚೂರು ಎದ್ದು ನಿಂತ್ಕೊಳಮ್ಮಾ, ಎಲ್ರೂ ನೋಡ್ಲಿ."

ಇಮೊಜೀನ್ ಎದ್ದು ನಿಂತಳು. ಆ ಸಂಘದ ಸಮಾರಂಭಗಳಲ್ಲಿ ಅಷ್ಟು ಹೊತ್ತಿನ ನಗೆ ಮತ್ತೆ ಕೇಳಿಲ್ಲವೆಂದು ಲೊರೇನ್ ಹೇಳುತ್ತಾರೆ.

ಮನೆಗೆ ಬಂದು ಆರ್ಲೊ ಕಿವಿಯನ್ನು ಟೀವಿಯ ಮೇಲಿಟ್ಟ. ಶೂ ಬಿಚ್ಚದೆಯೇ ಕುರ್ಚಿಯಲ್ಲಿ ಕೂತ.

"ಈಗ ಹೇಳು, ತಪ್ಪಾಯ್ತು ಅಂತ."

"ತಪ್ಪಾಯ್ತು."

"ಇನ್ನೊಂದ್ಸಲ. ಸ್ವಲ್ಪ ಮೈಕ್ ಹತ್ರ ಬಂದು."

ಅವಳು ಹತ್ತಿರ ಹೋಗಿ, ಕಂಚಿನ ಕಿವಿಯೊಳಕ್ಕೆ ಬಾಗಿ, ತಪ್ಪಾಯಿತೆಂದಳು. ಈ ಸಲ ಚೆನ್ನಾಗಿ ಬಂತೆಂದು ಆರ್ಲೊ ಒಪ್ಪಿಕೊಂಡ. ಅವನು ಬದುಕಿರುವ ತನಕ, ಮನೆಗೆ ಯಾರೇ ಬಂದರೂ ಅವರ ಮುಂದೆ ಒಮ್ಮೆ ಇದನ್ನು ಹೇಳಿಸುತ್ತಿದ್ದ. ಅವಳೂ ಬೇಸರವಿಲ್ಲದೆ ಹೇಳುತ್ತಿದ್ದಳು. ಮರುವರ್ಷದ ಪ್ಯಾನ್‌ಕೇಕಿನ ಭಾನುವಾರ ಭವಿಷ್ಯ ಹೇಳುವ ಕೆಲಸವನ್ನು ವೆಂಡೆಲ್‌ಗೆ ವಹಿಸಿದರು. ಅವನು ಹೇಳಿದ್ದರಲ್ಲಿ ಒಂದೂ ನಿಜವಾಗಲಿಲ್ಲ. ಹಾಗಾಗಿ ಎಲ್ಲರೂ ಹೊಸ ಟೈ ಕೊಂಡರು. ಆರ್ಲೊ ತೀರಿಕೊಂಡ ಮೇಲಷ್ಟೇ ಇಮೊಜೀನ್ ನಡೆದದ್ದನ್ನು ಲೊರೇನ್‌ಗೆ ಹೇಳಿದ್ದು.

ಕಥೆ ಇಲ್ಲಿಗೆ ಬಂದಾಗ ಕೇಳುತ್ತಿದ್ದವರಲ್ಲಿ ಒಬ್ಬರು, ಆರ್ಲೊಗೆ ಕೊನೆಗೂ ಸಂಶಯ ಬರಲಿಲ್ಲವೇ ಎಂದು ಕೇಳಿದರು.

"ಅದನ್ನ ಯಾರು ಕೇಳೋಕೆ ಹೋಗ್ತಾರೆ?" ಅಂದರು ಲೊರೇನ್. "ಅವಳು ಕೇಳ್ಲಿಲ್ಲ. ನಾನ್ಯಾಕೆ ಕೇಳ್ಲಿ?"

ವೆಂಡೆಲ್ ಅಲ್ಲಿಯೇ, ಎರಡನೆಯ ಸಾಲಿನಲ್ಲಿ ಇದ್ದ. ಅವನು ತನ್ನ ಕುರ್ಚಿಯನ್ನು ಮಡಚಿ ಗೋಡೆಗೆ ಒರಗಿಸಿದ, ಉಳಿದವರೂ ಮಡಚಿದರು. ಬಿಸಿಲು ಇನ್ನೂ ಇತ್ತು. ಒಬ್ಬೊಬ್ಬರಾಗಿ ಕಾರು ಹತ್ತಿ ಮನೆಗೆ ಹೋದರು.