ಸಾಲಿನಿಂದ ಕಿತ್ತ ಬಿಳಿ ಅವರೆ

ನಾನು ಒಂದು ಅವರೆ ಗಿಡ. ಮಂಡ್ಯದ ಕಡೆಯ ಒಂದು ಸಂಶೋಧನಾ ತೋಟದಲ್ಲಿ ಹುಟ್ಟಿದೆ. ಅವರೆ ಹೂವು ತನ್ನಲ್ಲೇ ಪರಾಗ ಕೂಡಿಸಿಕೊಳ್ಳುವುದರಿಂದ, ಹೆತ್ತ ಗಿಡವೇ ನನಗೆ ತಾಯಿ, ತಂದೆ ಎರಡೂ. ಅದರ ಮೈತುಂಬ ನೇರಳೆ ಹೂವು. ನನ್ನ ಮೊದಲ ಮೊಗ್ಗು ಬಿರಿದಾಗ ನೋಡಿದರೆ ಬಿಳಿ! ಈ ಬಣ್ಣ ಎಲ್ಲಿಂದ ಬಂತು?

ಉತ್ತರ ಗೊತ್ತಿದ್ದದ್ದು ಎಂ.ಎಸ್ಸಿ. ಓದುತ್ತಿದ್ದ ಸುಹಾಸಿನಿಗೆ. ನನ್ನ ಬಿಳಿ ಅಜ್ಜಿಗೂ ನೇರಳೆ ಅಜ್ಜನಿಗೂ ಕೈಯಾರೆ ಪರಾಗ ಸವರಿ ಸಂಬಂಧ ಕೂಡಿಸಿದವಳು ಅವಳೇ. ಬಣ್ಣಕ್ಕೆ ಪ್ರತಿ ಗಿಡದಲ್ಲೂ ಎರಡು ಅಂಶಗಳಿರುತ್ತವಂತೆ. ಒಂದು ನೇರಳೆಯದಾದರೂ ಸಾಕು, ಹೂವು ನೇರಳೆ. ಎರಡೂ ಬಿಳಿಯದಾದರೆ ಮಾತ್ರ ಬಿಳಿ. ಮೊಮ್ಮಕ್ಕಳಲ್ಲಿ ಹೆಚ್ಚು ಕಡಿಮೆ ಮೂರು ನೇರಳೆಗೆ ಒಂದು ಬಿಳಿ ಬರಬೇಕು. ಆ ಲೆಕ್ಕ ಸಿಗದಿದ್ದರೆ ಅವಳ ಒಂದು ವರ್ಷ ಮಣ್ಣುಪಾಲು.

ನಾವು ಹೂ ಬಿಟ್ಟ ವಾರವೇ ಅವಳು ಜ್ವರ ಬಂದು ಮಲಗಿದಳು. ಕಳೆ ತೆಗೆಯುವ ಪುಟ್ಟತಾಯಮ್ಮ ಬಹಳ ವರ್ಷ ಬೀಜದ ಹೊಲದಲ್ಲಿ ದುಡಿದವಳು. ಅಲ್ಲಿ ಬೇರೆ ಬಣ್ಣದ ಗಿಡ ಕಂಡರೆ ಬೆರಕೆ ಎಂದು ಕೀಳುವುದೇ ವಾಡಿಕೆ. "ಪಾಪ, ಮಗಿಗೆ ಕೆಲಸ ಹಗುರಾಗ್ಲಿ" ಎನ್ನುತ್ತ ಬಿಳಿಯವರನ್ನೆಲ್ಲ ಕಿತ್ತಳು. ಬೇರಿಗೆ ನೋವಾಗದಂತೆ, ಮೆಲ್ಲಗೆ.

ಅಷ್ಟರಲ್ಲಿ ಜ್ವರ ಬಿಟ್ಟು ಸುಹಾಸಿನಿ ಬಂದಳು.

"ಪುಟ್ಟತಾಯಕ್ಕ, ಬಿಳೀವೆಲ್ಲಿ?"

"ಕಿತ್ತಾಕ್ದೆ ಕಣವ್ವ. ಒಂದೂ ಬುಟ್ಟಿಲ್ಲ!"

ಹುಡುಗಿ ಬದುವಿನ ಮೇಲೆ ಕುಸಿದು ಕೂತಳು. ಬಿಳಿಯವನ್ನು ಎಣಿಸದೆ ತನ್ನ ಲೆಕ್ಕವೇ ಇಲ್ಲ ಎಂದಳು. ನಡೆದದ್ದು ತಿಳಿದಾಗ ಪುಟ್ಟತಾಯಮ್ಮನ ಮುಖ ಬಾಡಿತು.

"ಅಯ್ಯೋ, ಮೇಕೆಗೆ ಅಂತ ಕಟ್ಟಿಟ್ಟಿವ್ನಿ. ಬಿಚ್ಲಾ?"

"ಮೇಕೆ ಇನ್ನೂ ತಿಂದಿಲ್ವಾ?"

"ಅದ್ಕೆಲ್ಲಿ ಆ ಪುಣ್ಯ!"

ಸುಹಾಸಿನಿಗೆ ಅಳುವಿನ ನಡುವೆಯೇ ನಗು ಬಂತು. ಇಬ್ಬರೂ ಹೊರೆ ಬಿಚ್ಚಿ, ಸಾಲಿನ ಒಂದೊಂದು ಖಾಲಿ ಗುಳಿಯ ಪಕ್ಕ ಒಂದೊಂದು ಗಿಡ ಮಲಗಿಸಿದರು. ಗುಳಿಯೂ ಉಳಿಯಲಿಲ್ಲ, ಗಿಡವೂ ಮಿಗಲಿಲ್ಲ. ಎಣಿಸಿದಾಗ ನಾವು ಕಾಲು ಪಾಲಿನ ಆಸುಪಾಸಿನಲ್ಲಿದ್ದೆವು.

"ಈ ಬಿಳಿ ಎಲ್ಲಿತ್ತವ್ವ ಇಷ್ಟು ದಿನ?"

"ಅಜ್ಜಿಯದು ಅಕ್ಕ. ನೇರಳೆ ಗಿಡದೊಳಗೆ ಸುಮ್ಮನೆ ಕೂತಿತ್ತು."

ಪುಟ್ಟತಾಯಮ್ಮ ನನ್ನನ್ನು ಮತ್ತೆ ನೆಟ್ಟು, ತಾನು ಕುಡಿಯಲು ತಂದಿದ್ದ ನೀರನ್ನೆಲ್ಲ ಬುಡಕ್ಕೆ ಹೊಯ್ದಳು.

ಈಗ ನಾನು ಒಣಗಿದ್ದೇನೆ. ಮೈಮೇಲೆ ಒಂದೇ ಒಂದು ಕಾಯಿ. ಪಕ್ಕದ ನೇರಳೆ ಗಿಡಗಳ ಹೊಟ್ಟೆಯಲ್ಲಿ ಯಾವ ಬಣ್ಣ ಅಡಗಿದೆಯೋ, ಅವಕ್ಕೇ ಗೊತ್ತಿಲ್ಲ. ನನಗೆ ಆ ಚಿಂತೆಯಿಲ್ಲ. ನನ್ನ ಮಕ್ಕಳೆಲ್ಲ ಬಿಳಿಯೇ. ಕೊಡಲು ನನ್ನ ಬಳಿ ಇದ್ದದ್ದು ಅದೊಂದೇ.