ಸಾವಿರನೆಯ ಭೇಟಿ

ಒಣಹಾಕಲು ಪರ್ಸಿಮನ್ ಹಣ್ಣು ಹೆರೆಯುತ್ತಿದ್ದವಳು, ಬೆಕ್ಕಿನ ಬಾಲಗಳ ಚಿತ್ರ ತುಂಬಿದ ನನ್ನ ವೆಬ್‌ಪುಟವನ್ನು ಮತ್ತೆ ತೆರೆದೆ. ಎಷ್ಟು ತಿದ್ದಿದರೂ ಒಂದು ಬಾಲ ಅಂಚಿನಾಚೆಗೇ ಜಾರುತ್ತಿತ್ತು. ಕೆಳಗೆ ಭೇಟಿಗಳ ಎಣಿಕೆ ಸಾವಿರ ಮುಟ್ಟಿತ್ತು. ಸಾವಿರನೆಯವಳು ನಾನೇ!

ಇಂಥ ಚೆಂದದ ಸಂಖ್ಯೆಗೆ ಬಂದವರಿಗೆ ಪುಟದೊಡತಿ ಚಿತ್ರ ಬರೆದುಕೊಡುವುದು ವೆಬ್‌ಪುಟ ನಡೆಸುವ ನಮ್ಮಲ್ಲಿ ರೂಢಿ. ಅದು ದೂರದ ಹೊಕ್ಕೈಡೋ ದ್ವೀಪಕ್ಕೆ ಹೋದ ರಾತ್ರಿಶಾಲೆಯ ಗೆಳತಿ ಫುಮಿಯೆಗೆ ಸಿಗಲೆಂದು ಆಸೆಪಟ್ಟಿದ್ದೆ. ಪುಟ ನೋಡಲು ಅವಳನ್ನು ಕರೆದು ಬರೆದ ಕಾಗದ ಮಾತ್ರ, ಪುಟ ಸರಿಹೋಗಲೆಂದು ಕಾಯುತ್ತ ಮೂರು ತಿಂಗಳಿಂದ ನನ್ನ ಪೆಟ್ಟಿಗೆಯಲ್ಲೇ ಇತ್ತು.

"ನಿನ್ನ ಮನೆ ಬಾಗ್ಲು ನೀನೇ ತಟ್ಕೊಂಡ್ಯೇನೇ?" ಜೊತೆಗೆ ಹಣ್ಣು ಹೆರೆಯುತ್ತಿದ್ದ ಪಕ್ಕದ ಮನೆಯ ಕಿಸಾಕೊ ಎಣಿಕೆ ನೋಡಿ ನಕ್ಕಳು.

"ಸುಮ್ನಿರೇ! ಆ ಹಾಳು ಬಾಲ ನೋಡೋಕೆ ಒಂಬೈನೂರು ಸಲ ನಾನೇ ಬಂದಿದ್ದೀನಿ."

"ಫುಮಿಯೆ ಏನು ಬಾಲ ಅಳೆಯೋಕೆ ಬರ್ತಾಳಾ?"

ಸಿಟ್ಟಿನಲ್ಲೇ ಕೈ ಒರೆಸಿಕೊಂಡೆ. ಕಾಗದದ ಕೊನೆಗೆ, "ಬಾಲ ಸರಿಯಿಲ್ಲ. ಮುಂದಿನ ಚಿತ್ರ ಸಾವಿರದ ನೂರಹನ್ನೊಂದನೆಯ ಭೇಟಿಗೆ, ಬೇಗ ಬಾ" ಎಂದು ಸೇರಿಸಿ, ಬೀದಿಯ ಅಂಚೆಪೆಟ್ಟಿಗೆಗೆ ಹಾಕಿದೆ.